ಅಮ್ಮನ ಕಣ್ಣಿಗೆ ಯಾವ ಲೆನ್ಸ್? ಮೊದಲು ಟೇಪ್ ಹಿಡಿದು ದೂರ ಅಳೆಯಿರಿ

ಹಾಸನದ ಒಂದು ಖಾಸಗಿ ಕಣ್ಣಾಸ್ಪತ್ರೆ. ಅಮ್ಮನ ಕಣ್ಣಿಗೆ ಹನಿ ಬಿಟ್ಟು, ಪಾಪೆ ಅಗಲವಾದ ಮೇಲೆ ಡಾಕ್ಟರು ನೋಡಿದರು. ಎರಡೂ ಕಣ್ಣಲ್ಲಿ ಪೊರೆ ಇದೆ, ಬಲಗಣ್ಣಿಗೆ ಜಾಸ್ತಿ, ಮೊದಲು ಅದನ್ನೇ ಮಾಡೋಣ ಅಂದರು. ಉಳಿದ ಮಾತಿಗೆ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಮೇಜಿನ ಮೇಲೆ, ಪೊರೆ ತೆಗೆದು ಕಣ್ಣೊಳಗೆ ಹಾಕುವ ಲೆನ್ಸುಗಳ ಒಂದು ಹಾಳೆ, ಲ್ಯಾಮಿನೇಟ್ ಮಾಡಿದ್ದು. ಅದರಲ್ಲಿ ಮೂರು ಕಾಲಮ್. ಒಂದು ಕಣ್ಣಿಗೆ 28 ಸಾವಿರ, 45 ಸಾವಿರ, 90 ಸಾವಿರ. ಮೊದಲನೆಯದರ ತಲೆಯ ಮೇಲೆ ಬೇಸಿಕ್ ಅಂತ ಬರೆದಿತ್ತು, ಕೊನೆಯದರ ಮೇಲೆ ಪ್ರೀಮಿಯಂ ಅಂತ.

"ಅಮ್ಮಂಗೆ ಯಾವ್ದು ಹಾಕ್ಸೋಣ ಸರ್?" ಅಂತ ಅಲ್ಲಿ ಕೂತಿದ್ದ ಹುಡುಗಿ ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. "ನಂಗೇನ್ ಗೊತ್ತಾಗುತ್ತಪ್ಪ, ನೀನೇ ನೋಡು. ಸುಮ್ನೆ ಜಾಸ್ತಿ ಖರ್ಚು ಮಾಡ್ಬೇಡ."

ಇಂಥ ಹೊತ್ತಲ್ಲಿ ಮನಸ್ಸು ಏನು ಮಾಡುತ್ತದೆ ಅಂತ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಎಲ್ಲರಿಗೂ ಗೊತ್ತು. ಕಮ್ಮಿ ದುಡ್ಡಿನದು ಹಾಕಿಸಿದರೆ ಅಮ್ಮನಿಗೇ ಕಮ್ಮಿ ಮಾಡಿದ ಹಾಗೆ ಅನಿಸುತ್ತದೆ. ಜಾಸ್ತಿಯದು ಹಾಕಿಸೋಣ ಅಂದರೆ ಕೈ ಕಚ್ಚುತ್ತದೆ. ಕೊನೆಗೆ ಮಧ್ಯದ ಕಾಲಮ್ ಮೇಲೆ ಬೆರಳಿಟ್ಟು ಎದ್ದು ಬರುತ್ತೇವೆ. ಆದರೆ ಆ ಹಾಳೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಇರಲಿಲ್ಲ. ಅಮ್ಮ ಬೆಳಗಿಂದ ಸಂಜೆವರೆಗೆ ಏನೇನು ನೋಡುತ್ತಾಳೆ, ಎಷ್ಟೆಷ್ಟು ದೂರದಲ್ಲಿ ನೋಡುತ್ತಾಳೆ? ಅವತ್ತು ನಾನು ಏನೂ ಹೇಳದೆ ಮನೆಗೆ ಬಂದೆ. ಪೊರೆ ಆಪರೇಷನ್ ಸಾಮಾನ್ಯವಾಗಿ ಇವತ್ತೇ ಆಗಬೇಕು ಅನ್ನುವಂಥದ್ದಲ್ಲ. ಡಾಕ್ಟರು ಅವಸರ ಅಂತ ಹೇಳದಿದ್ದರೆ ಎರಡು ವಾರ ಯೋಚನೆ ಮಾಡಬಹುದು.

ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ತೊಗಲು ಅಂತ ಈಗಲೂ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪಾಪೆಯ ಹಿಂದೆ ಹುಟ್ಟಿನಿಂದಲೇ ಒಂದು ಲೆನ್ಸ್ ಇರುತ್ತದೆ. ಹೆಚ್ಚೂಕಮ್ಮಿ ಒಂದು ಅವರೆಕಾಳಿನಷ್ಟು ಗಾತ್ರ, ತಿಳಿನೀರಿನ ಹಾಗೆ ಸ್ವಚ್ಛ. ವಯಸ್ಸಾಗುತ್ತಾ ಅದೇ ಮಬ್ಬಾಗುತ್ತದೆ. ಆ ಮಬ್ಬಾದ ಲೆನ್ಸೇ ಪೊರೆ. ಹಿದುಕಿದ ಬೇಳೆ ಮಾಡುವಾಗ ನೆನೆಸಿದ ಅವರೆಕಾಳನ್ನು ಒತ್ತಿದರೆ ಬೇಳೆ ಆಚೆ ಬಂದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಅಲ್ವಾ? ಆಪರೇಷನ್ನಿನಲ್ಲೂ ಹಾಗೇ. ತೆಳ್ಳನೆಯ ಸಿಪ್ಪೆಯನ್ನು ಕಣ್ಣೊಳಗೇ ಉಳಿಸಿಕೊಂಡು, ಮುಂದೆ ಒಂದು ಕಿಂಡಿ ಮಾಡಿ, ಮಬ್ಬಾದ ಬೇಳೆಯನ್ನು ಮಾತ್ರ ತೆಗೆಯುತ್ತಾರೆ. ಖಾಲಿಯಾದ ಸಿಪ್ಪೆಯ ಚೀಲದೊಳಗೆ ಹೊಸ ಲೆನ್ಸ್ ಕೂರಿಸುತ್ತಾರೆ. ನೋಡುವ ಭಾಗ 6 ಮಿಲಿಮೀಟರ್ ಅಗಲ, ಹಿಡಿದು ನಿಲ್ಲಿಸಲು ಎರಡು ಬದಿಗೆ ಎರಡು ಪುಟ್ಟ ಕೊಂಡಿ.

ನಮ್ಮ ಅಜ್ಜಿಯ ಕಾಲದಲ್ಲಿ ಈ ಹೊಸ ಲೆನ್ಸ್ ನಮ್ಮ ಕಡೆಯವರಿಗೆ ಸಿಗುತ್ತಿರಲಿಲ್ಲ. ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಮಾಡಿ ಸಾವಿರಾರು ಜನರ ಪೊರೆ ತೆಗೆದರು. ಆಗ ಪೊರೆ ತೆಗೆದ ಮೇಲೆ ಲೆನ್ಸಿನ ಜಾಗ ಖಾಲಿ. ಅದರ ಕೆಲಸವನ್ನು ಪ್ಲಸ್ ಹತ್ತರ ಆಸುಪಾಸಿನ ಸೋಡಾಗಾಜಿನ ಕನ್ನಡಕ ಮಾಡಬೇಕಾಗಿತ್ತು. ಕಣ್ಣೊಳಗೆ ಲೆನ್ಸ್ ಇಡುವ ಕೆಲಸ ಲಂಡನ್ನಿನಲ್ಲಿ 1949ರಲ್ಲೇ ಶುರುವಾಗಿತ್ತು. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣು ಹೊಕ್ಕಿದ್ದರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರು ಗಮನಿಸಿದ್ದರು. ಅದೇ ಪ್ಲಾಸ್ಟಿಕ್ಕಿನಿಂದ ಅವರು ಮೊದಲ ಲೆನ್ಸ್ ಮಾಡಿಸಿದರು. ಆದರೆ ಅದು ನಮ್ಮ ಬಡವರ ಕಣ್ಣು ಸೇರಲು ಇನ್ನೂ ನಾಲ್ಕು ದಶಕ ಹಿಡಿಯಿತು. 1992ರಲ್ಲಿ ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಶುರು ಮಾಡಿ ಇಲ್ಲೇ ಲೆನ್ಸ್ ತಯಾರಿಸಿದರು. ನೂರು ಡಾಲರಿನ ಹತ್ತಿರ ಇದ್ದ ಬೆಲೆ ಹತ್ತು ಡಾಲರಿನ ಹತ್ತಿರಕ್ಕೆ ಇಳಿಯಿತು. ಇವತ್ತು ನಮ್ಮ ದೇಶದಲ್ಲಿ ಮಾಡಿದ ಲೆನ್ಸ್ ಬೇರೆ ದೇಶಗಳಿಗೂ ಹೋಗುತ್ತದೆ. ಹಾಗಾಗಿ ಇಂಡಿಯನ್ ಲೆನ್ಸ್ ಅಂದರೆ ಕಳಪೆ, ಇಂಪೋರ್ಟೆಡ್ ಅಂದರೆ ಒಳ್ಳೆಯದು ಅನ್ನುವ ಮಾತನ್ನು ಯಾರೇ ಹೇಳಿದರೂ ಅಷ್ಟಕ್ಕೇ ನಂಬಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಳೆ ವಯಸ್ಸಿನ ಲೆನ್ಸ್ ಮೆತ್ತಗಿರುತ್ತದೆ. ಬೆಟ್ಟ ನೋಡಿದರೆ ಒಂದು ಆಕಾರ, ಪುಸ್ತಕ ನೋಡಿದರೆ ಇನ್ನೊಂದು ಆಕಾರ. ನಮಗೆ ಗೊತ್ತೇ ಆಗದ ಹಾಗೆ ಬದಲಾಗುತ್ತಿರುತ್ತದೆ. ನಲವತ್ತರ ಹೊತ್ತಿಗೆ ಅದು ಗಟ್ಟಿಯಾಗಿ, ಹತ್ತಿರದ್ದಕ್ಕೆ ಬಗ್ಗುವುದನ್ನು ಕಮ್ಮಿ ಮಾಡುತ್ತದೆ. ನಾವು ಚಾಳೀಸು ಅನ್ನುತ್ತೇವಲ್ಲ, ಆ ಪದದ ಅರ್ಥವೇ ನಲವತ್ತು. ಆಪರೇಷನ್ನಿನಲ್ಲಿ ಹಾಕುವ ಲೆನ್ಸಿಗೆ ಈ ಬದಲಾಗುವ ಗುಣ ಇಲ್ಲ. ಮಾಮೂಲಿ ಲೆನ್ಸ್ ಒಂದು ದೂರವನ್ನು ಚೊಕ್ಕವಾಗಿ ತೋರಿಸುತ್ತದೆ, ಅಷ್ಟೇ. ಆ ದೂರ ಯಾವುದು ಅಂತ ಮೊದಲೇ ಹೇಳಿ ಹಾಕಿಸಿಕೊಳ್ಳಬೇಕು. ಲೆನ್ಸ್ ಆರಿಸುವುದು ಅಂದರೆ ದೂರ ಆರಿಸುವುದು.

ಮೊರ, ಒಲೆ, ಸೂಜಿ

ಅದಕ್ಕೇ ನಾನು ಹೊಲಿಗೆ ಪೆಟ್ಟಿಗೆಯ ಟೇಪ್ ತೆಗೆದುಕೊಂಡು ಅಮ್ಮನ ಹಿಂದೆ ಒಂದು ದಿನ ಓಡಾಡಿದೆ. ಅಮ್ಮನಿಗೆ ಮೊದಲು ನಗು ಬಂತು. ಆಮೇಲೆ ಅವಳೇ, "ಇದನ್ನೂ ಅಳಿ, ಇದೂ ಬೇಕು ನಂಗೆ" ಅಂತ ಕರೆಯತೊಡಗಿದಳು.

ನೆಲದ ಮೇಲೆ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕಣ್ಣಿನಿಂದ ಮೊರಕ್ಕೆ 50 ಸೆಂಟಿಮೀಟರ್. ಪಂಚಾಂಗ ಹಿಡಿಯುವುದು 40ಕ್ಕೆ. ಸೂಜಿಗೆ ದಾರ ಪೋಣಿಸಲು 30. ನಿಂತುಕೊಂಡು ಗ್ಯಾಸ್ ಒಲೆಯ ಮೇಲಿನ ಪಾತ್ರೆ ನೋಡಲು 65. ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಎಳೆಯುವಾಗಲೂ ಹೆಚ್ಚೂಕಮ್ಮಿ ಅಷ್ಟೇ. ಟಿವಿ ಎರಡೂವರೆ ಮೀಟರ್. ನಡೆಯುವಾಗ ತನ್ನ ಪಾದದ ಹತ್ತಿರದ ನೆಲ ಒಂದೂವರೆ ಮೀಟರಿನ ಹತ್ತಿರ. ಬಸ್ಸಿನ ಬೋರ್ಡು, ಎದುರು ಬರುವವರ ಮುಖ, ದೇವಸ್ಥಾನದ ಗರ್ಭಗುಡಿ ಇವೆಲ್ಲ ದೂರದ ಲೆಕ್ಕ. ಕೊನೆಗೆ ಇದನ್ನೆಲ್ಲ ಬರೆದಿಟ್ಟ ಚೀಟಿ ನೋಡಿದರೆ ಅಮ್ಮನ ದಿನದ ಮುಕ್ಕಾಲು ಪಾಲು ಒಂದು ಮೀಟರಿನ ಒಳಗೇ ಕಳೆಯುತ್ತದೆ.

ಈ ಸೆಂಟಿಮೀಟರಿಗೂ ಡಾಕ್ಟರು ಬರೆಯುವ ಪವರಿಗೂ ನೇರ ಸಂಬಂಧ ಇದೆ. ನೂರನ್ನು ಪವರಿನಿಂದ ಭಾಗಿಸಿದರೆ ದೂರ ಸಿಗುತ್ತದೆ. ಆಪರೇಷನ್ ಆದ ಮೇಲೆ ಕಣ್ಣು ಸೊನ್ನೆ ಪವರಿಗೆ ನಿಂತರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಪ್ಲಸ್ ಎರಡೂವರೆಯ ಹತ್ತಿರದ ಚಾಳೀಸು ಬೇಕು. ಬೇಕೆಂದೇ ಮೈನಸ್ ಎರಡೂವರೆಗೆ ನಿಲ್ಲಿಸಿದರೆ 40 ಸೆಂಟಿಮೀಟರಿನಲ್ಲಿ ಹಿಡಿದ ಪುಸ್ತಕ ಕನ್ನಡಕವಿಲ್ಲದೆ ಕಾಣುತ್ತದೆ, ದೂರಕ್ಕೆ ಕನ್ನಡಕ ಬೇಕು. ಮೈನಸ್ ಒಂದೂವರೆಗೆ ನಿಲ್ಲಿಸಿದರೆ 67 ಸೆಂಟಿಮೀಟರ್. ಅಂದರೆ ಅಮ್ಮನ ಒಲೆ, ಅಮ್ಮನ ರಂಗೋಲಿ.

ಒಂದೇ ದೂರ ತೋರಿಸುವ ಈ ಮಾಮೂಲಿ ಲೆನ್ಸಿಗೆ ಮೊನೊಫೋಕಲ್ ಅನ್ನುತ್ತಾರೆ. ಅದರಲ್ಲೇ ಇಷ್ಟೆಲ್ಲ ಆಯ್ಕೆ ಇದೆ, ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡಬೇಕಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಯಾರೂ ಏನೂ ಹೇಳದಿದ್ದರೆ ಸಾಮಾನ್ಯವಾಗಿ ದೂರಕ್ಕೇ ಹೊಂದಿಸುತ್ತಾರೆ. ತುಂಬಾ ಜನರಿಗೆ ಅದು ಸರಿಯೇ. ಆದರೆ ಹುಟ್ಟಾ ಮೈನಸ್ ಪವರ್ ಇರುವವರು ಇರುತ್ತಾರೆ. ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದು ಓದುವುದು, ಸೂಜಿ ಕೆಲಸ ಮಾಡುವುದು ಅವರಿಗೆ ಜೀವಮಾನದ ಅಭ್ಯಾಸ. ಅಂಥವರ ಎರಡೂ ಕಣ್ಣನ್ನು ದೂರಕ್ಕೆ ಹೊಂದಿಸಿದರೆ ಆ ಅಭ್ಯಾಸ ಒಂದೇ ದಿನಕ್ಕೆ ಹೋಗಿಬಿಡುತ್ತದೆ. ಆಪರೇಷನ್ ಚೆನ್ನಾಗೇ ಆಗಿರುತ್ತದೆ, ಆದರೂ ಅವರು ಬೇಜಾರಾಗಿರುತ್ತಾರೆ. ಮೊದಲೇ ಮಾತಾಡಿದ್ದರೆ ಇದನ್ನು ತಪ್ಪಿಸಬಹುದಿತ್ತು.

ಇಲ್ಲೇ ಇನ್ನೊಂದು ಮಾತು. ವಯಸ್ಸಾದವರು "ಈಗ ನಂಗೆ ಚಾಳೀಸಿಲ್ದೆ ಪೇಪರ್ ಓದಕ್ಕೆ ಬರುತ್ತೆ" ಅಂತ ಖುಷಿಪಡುವುದುಂಟು. ಕಣ್ಣು ಸುಧಾರಿಸಿದ್ದಲ್ಲ ಅದು. ಲೆನ್ಸಿನ ನಡುಭಾಗ ಗಟ್ಟಿಯಾಗಿ ಪವರ್ ಮೈನಸ್ ಕಡೆಗೆ ಜಾರಿರುತ್ತದೆ. ಪೊರೆ ಶುರುವಾಗಿರುವುದರ ಗುರುತು ಅದು. ಹಾಗೆ ಹೇಳಿದರೆ ಒಂದು ಸಲ ಕಣ್ಣು ತೋರಿಸಿ.

ಮೂರು ತೂಬಿನ ನೀರು

90 ಸಾವಿರದ ಕಾಲಮಿನಲ್ಲಿ ಇದ್ದದ್ದು ಟ್ರೈಫೋಕಲ್. ದೂರ, ನಡು, ಹತ್ತಿರ ಮೂರೂ ಕಾಣುವ ಲೆನ್ಸ್. ಹತ್ತಿರ ಅಂದರೆ 40 ಸೆಂಟಿಮೀಟರಿನ ಆಸುಪಾಸು, ನಡು ಅಂದರೆ ಕಂಪನಿ ಮೇಲೆ 60ರಿಂದ 80. ಕೇಳಿದರೆ ಇದಕ್ಕಿಂತ ಇನ್ನೇನು ಬೇಕು ಅನಿಸುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಯಾರಿಗೆ ಸರಿ, ಯಾರಿಗೆ ಬೇಡ ಅನ್ನುವುದು ತಾನಾಗೇ ತಿಳಿಯುತ್ತದೆ.

ಆ ಲೆನ್ಸಿನ ಮೈಮೇಲೆ ಬಹಳ ಸಣ್ಣ ಉಂಗುರಗಳಿರುತ್ತವೆ. ಒಳಗೆ ಬರುವ ಬೆಳಕನ್ನು ಅವು ಮೂರು ದೂರಕ್ಕೆ ಹಂಚುತ್ತವೆ. ಹೇಮಾವತಿ ನಾಲೆಯ ನೀರನ್ನು ಮೂರು ತೂಬಿಗೆ ಬಿಟ್ಟ ಹಾಗೆ. ಮೂರು ಗದ್ದೆಗೂ ನೀರು ಸಿಗುತ್ತದೆ, ಆದರೆ ಒಂದೇ ಗದ್ದೆಗೆ ಬಿಟ್ಟಾಗ ಸಿಗುತ್ತಿದ್ದಷ್ಟು ಯಾವುದಕ್ಕೂ ಸಿಗುವುದಿಲ್ಲ. ನೀವು ದೂರದ ದೀಪ ನೋಡುತ್ತಿರುವಾಗ ಹತ್ತಿರದ ಪಾಲಿನ ಬೆಳಕು ಸುಮ್ಮನಿರುವುದಿಲ್ಲ, ದೀಪದ ಸುತ್ತ ಬಳೆಯ ಹಾಗೆ ಹರಡಿ ಕಾಣುತ್ತದೆ. ಜೊತೆಗೆ ಮಸುಕು ಬಣ್ಣಗಳ ನಡುವಿನ ವ್ಯತ್ಯಾಸ ಗುರುತಿಸುವ ಶಕ್ತಿ ಚೂರು ಕಮ್ಮಿಯಾಗುತ್ತದೆ. ಇದು ಆಸ್ಪತ್ರೆಯ ಬೋರ್ಡಿನಲ್ಲಿ ಗೊತ್ತಾಗುವುದಿಲ್ಲ. ಬಿಳಿ ಹಲಗೆಯ ಮೇಲೆ ಕಡುಕಪ್ಪು ಅಕ್ಷರ, ಹಿಂದಿನಿಂದ ಲೈಟು. ಆದರೆ ಬೇಲೂರಿನ ದೇವಸ್ಥಾನದ ನವರಂಗದೊಳಗೆ ನಿಂತು ತಲೆಯೆತ್ತಿ ನೋಡಿ. ಅರೆಗತ್ತಲಲ್ಲಿ ಕಪ್ಪು ಕಲ್ಲಿನ ಮೇಲೆ ಕಪ್ಪು ಕೆತ್ತನೆ. ಅಲ್ಲಿ ಕೆತ್ತನೆಯ ಗೆರೆ ಕಾಣಬೇಕಾದರೆ ಬೇಕಾಗುವ ಶಕ್ತಿಯೇ ಅದು. ಸಂಜೆ ಹೊತ್ತು ಮೆಟ್ಟಿಲಿನ ಅಂಚು ಗುರುತಿಸುವುದಕ್ಕೂ ಅದೇ ಬೇಕು.

ಟ್ರೈಫೋಕಲ್ ಮೋಸದ ಲೆನ್ಸ್ ಅಂತ ನಾನು ಹೇಳುತ್ತಿಲ್ಲ. ನನ್ನ ಸ್ನೇಹಿತನ ಅತ್ತೆ ಹಾಕಿಸಿಕೊಂಡಿದ್ದಾರೆ. ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ) ಚೆನ್ನಾಗಿತ್ತು, ಸಕ್ಕರೆ ಕಾಯಿಲೆ ಇಲ್ಲ, ರಾತ್ರಿ ಗಾಡಿ ಓಡಿಸುವುದಿಲ್ಲ, ಫೋನು ಮತ್ತು ಲೆಕ್ಕದ ಪುಸ್ತಕ ದಿನವಿಡೀ ಕೈಯಲ್ಲಿ, ಕನ್ನಡಕ ಅಂದರೆ ಆಗುವುದೇ ಇಲ್ಲ. ಮೊದಲ ಎರಡು ತಿಂಗಳು ಬೀದಿದೀಪದ ಸುತ್ತ ಬಳೆ ಕಾಣುತ್ತಿತ್ತಂತೆ. ಆಮೇಲೆ ಮಿದುಳು ಅದಕ್ಕೆ ಹೊಂದಿಕೊಂಡಿತು. ಈಗ ಅವರು ಕನ್ನಡಕವನ್ನೇ ಮರೆತಿದ್ದಾರೆ. ಅಂಥವರಿಗೆ ಆ ದುಡ್ಡು ಸಾರ್ಥಕ.

ನಮ್ಮ ಚಿಕ್ಕಪ್ಪನ ಕಥೆ ಬೇರೆ. ಮೂಡಿಗೆರೆ ಕಡೆ ಕಾಫಿ ತೋಟ. ಮಗಳು ಮಂಗಳೂರಲ್ಲಿ. ತಿಂಗಳಿಗೆ ಎರಡು ಮೂರು ಸಲವಾದರೂ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಹತ್ತಿ ಮಾಡುತ್ತಾರೆ, ಬಹಳ ಸಲ ರಾತ್ರಿಯೇ. ಪಕ್ಕದ ತೋಟದವರು ಬೆಂಗಳೂರಲ್ಲಿ ಟ್ರೈಫೋಕಲ್ ಹಾಕಿಸಿಕೊಂಡು ಬಂದಿದ್ದರು. "ನಂಗೂ ಅದೇ ಇರ್ಲಿ, ದುಡ್ಡಿನ ಮುಖ ನೋಡೋದು ಬೇಡ" ಅಂತ ಚಿಕ್ಕಪ್ಪ ಹಟ ಹಿಡಿದಿದ್ದರು. ಚಾರ್ಮಾಡಿಯ ಮಂಜಿನಲ್ಲಿ ಎದುರು ಬರುವ ಲಾರಿಯ ಹೆಡ್‌ಲೈಟು ಒಳ್ಳೆಯ ಕಣ್ಣಿಗೇ ಬಿಳಿ ಗೋಡೆಯ ಹಾಗೆ ಕಾಣುತ್ತದೆ. ಅದರ ಮೇಲೆ ಬಳೆಗಳೂ ಸೇರಿಕೊಂಡರೆ ತಿರುವು ಎಲ್ಲಿ, ಕಟ್ಟೆ ಎಲ್ಲಿ? ಸಾಲದ್ದಕ್ಕೆ ಅವರಿಗೆ 12 ವರ್ಷದಿಂದ ಸಕ್ಕರೆ ಕಾಯಿಲೆ. ರೆಟಿನಾದಲ್ಲಿ ಅದರ ಗುರುತು ಶುರುವಾಗಿತ್ತು. ರೆಟಿನಾ ಹಾಳಾಗುತ್ತಿರುವ ಕಣ್ಣು, ಗ್ಲಾಕೋಮಾ ಅನ್ನುವ, ಕಣ್ಣಿನ ನರ ಹಾಳುಮಾಡುವ ಕಾಯಿಲೆ ಇರುವ ಕಣ್ಣು ಮೊದಲೇ ಬೆಳಕಿನ ವ್ಯತ್ಯಾಸ ಕಳೆದುಕೊಂಡಿರುತ್ತವೆ. ಅವುಗಳಿಗೆ ಬೆಳಕು ಹಂಚುವ ಲೆನ್ಸ್ ಹಾಕಿ ಇನ್ನಷ್ಟು ಕಮ್ಮಿ ಮಾಡುವುದು ಸರಿಯಲ್ಲ. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದ ಮೇಲೆ ಟ್ರೈಫೋಕಲ್ ಬಿಡಲು ಚಿಕ್ಕಪ್ಪ ಒಪ್ಪಿದರು.

ಮೊನೊಫೋಕಲ್, ಟ್ರೈಫೋಕಲ್ ಎರಡರ ನಡುವೆ ಬರುವುದು ಇಡಾಫ್ ಅನ್ನುವ ಲೆನ್ಸ್. ಬೆಳಕನ್ನು ಮೂರು ತುಂಡು ಮಾಡದೆ, ದೂರದಿಂದ ನಡುವಿನವರೆಗೆ ಎಳೆದು ಹಿಗ್ಗಿಸಿದ ಹಾಗೆ ಇರುತ್ತದೆ. ಅಡುಗೆಮನೆ, ಕಂಪ್ಯೂಟರು, ಗಾಡಿಯ ಮೀಟರು ಕಾಣುತ್ತವೆ. ಸಣ್ಣ ಅಕ್ಷರಕ್ಕೆ ಚಾಳೀಸು ಬೇಕೇ ಬೇಕಾಗುತ್ತದೆ. ಬಳೆಗಳ ಕಾಟ ಸಾಮಾನ್ಯವಾಗಿ ಟ್ರೈಫೋಕಲ್‌ಗಿಂತ ಕಮ್ಮಿ.

ದುಡ್ಡು ಎಲ್ಲಿ ಹಾಕಬೇಕು

ಚಿಕ್ಕಪ್ಪನ ಕಣ್ಣಿನ ಅಳತೆಯಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಕಾರ್ನಿಯಾದಲ್ಲೇ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರದಲ್ಲೇ, 1.75 ಸಿಲಿಂಡರ್ ಇತ್ತು. ಕಾರ್ನಿಯಾ ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ಇರದೆ, ಮೊಟ್ಟೆಯ ಹಾಗೆ ಒಂದು ಕಡೆ ಜಾಸ್ತಿ ಬಾಗಿದ್ದರೆ ಅದನ್ನು ಸಿಲಿಂಡರ್ ನಂಬರ್ ಅನ್ನುತ್ತಾರೆ. ಮಾಮೂಲಿ ಲೆನ್ಸ್ ಇದನ್ನು ಸರಿಮಾಡುವುದಿಲ್ಲ. ಪೊರೆ ಹೋದರೂ ದೂರದ್ದು ನೆರಳು ನೆರಳಾಗಿ ಕಾಣುತ್ತದೆ, ಕನ್ನಡಕ ಹಾಕಲೇಬೇಕು. ಅದಕ್ಕೆ ಟೋರಿಕ್ ಅನ್ನುವ ಲೆನ್ಸ್ ಇದೆ. ಸಿಲಿಂಡರ್ ಒಂದರ ಹತ್ತಿರ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇದರ ಬಗ್ಗೆ ಕೇಳಿ. ನನ್ನ ಲೆಕ್ಕದಲ್ಲಿ ಜಾಸ್ತಿ ದುಡ್ಡು ಕೊಟ್ಟರೂ ಬೇಜಾರಾಗದ ಆಯ್ಕೆ ಇದು. ಬೆಳಕನ್ನು ಹಂಚುವುದಿಲ್ಲ, ಬಳೆ ತರುವುದಿಲ್ಲ, ಇರುವ ಒಂದು ದೂರವನ್ನೇ ಚೊಕ್ಕ ಮಾಡುತ್ತದೆ. ಒಂದೇ ಎಚ್ಚರಿಕೆ, ಅದು ಸರಿಯಾದ ದಿಕ್ಕಿಗೆ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ಹೆಚ್ಚೂಕಮ್ಮಿ ನೂರಕ್ಕೆ 3 ಪಾಲು ಪ್ರಯೋಜನ ಹೋಗುತ್ತದೆ, 30 ಡಿಗ್ರಿ ತಿರುಗಿದರೆ ಪೂರ್ತಿ ಹೋಗುತ್ತದೆ. ಹಾಗಾಗಿ ಕೈ ಪಳಗಿದ ಡಾಕ್ಟರು ಮುಖ್ಯ. ಚಿಕ್ಕಪ್ಪ ಟೋರಿಕ್ ಮೊನೊಫೋಕಲ್ ಹಾಕಿಸಿಕೊಂಡರು, ದೂರಕ್ಕೆ. ಈಗ ಕೊಟ್ಟಿಗೆಹಾರದ ಬಸ್ಸಿನ ಬೋರ್ಡು ಆಚೆ ಬದಿಯಿಂದಲೇ ಓದುತ್ತಾರೆ. ಆಳುಗಳ ಬಟವಾಡೆ ಪುಸ್ತಕಕ್ಕೆ ಜೇಬಿನಲ್ಲಿ ಒಂದು ಚಾಳೀಸು.

ಅಮ್ಮನಿಗೆ ಸಿಲಿಂಡರ್ ಅರ್ಧ ಮಾತ್ರ. ಟೋರಿಕ್ ಬೇಡ ಅಂದರು.

ಲೆನ್ಸಿನ ಬ್ರ್ಯಾಂಡಿಗಿಂತ ದೊಡ್ಡದು ಅಳತೆ. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ, ಯಾಕೆಂದರೆ ಬೆಲೆಯ ಹಾಳೆಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಆಪರೇಷನ್ನಿಗೆ ಮುಂಚೆ ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಬಾಗು ಅಳೆಯುತ್ತಾರೆ. ಅದರಿಂದಲೇ ಲೆನ್ಸಿನ ಪವರ್ ಲೆಕ್ಕ ಹಾಕುವುದು. ಕಣ್ಣಿನ ಉದ್ದ ಸುಮಾರು 23ರಿಂದ 24 ಮಿಲಿಮೀಟರ್. ಅದರಲ್ಲಿ ಒಂದು ಮಿಲಿಮೀಟರ್ ತಪ್ಪಾದರೆ ಕನ್ನಡಕದ ನಂಬರಿನಲ್ಲಿ ಎರಡೂವರೆಯಿಂದ ಮೂರರವರೆಗೆ ತಪ್ಪಾಗುತ್ತದೆ. ಅಷ್ಟು ತಪ್ಪಿದರೆ 90 ಸಾವಿರದ ಲೆನ್ಸೂ ಒಂದೇ, 28 ಸಾವಿರದ್ದೂ ಒಂದೇ. ಬೆಳಕಿನಿಂದ ಅಳೆಯುವ ಯಂತ್ರ ಇದೆಯಾ ಅಂತ ಕೇಳಿ. ಪೊರೆ ತುಂಬಾ ದಟ್ಟವಾಗಿದ್ದರೆ ಬೆಳಕು ದಾಟುವುದಿಲ್ಲ, ಆಗ ಅಲ್ಟ್ರಾಸೌಂಡಿನಲ್ಲೇ ಅಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಕೆಲವು ದಿನ ಮುಂಚೆಯೇ ನಿಲ್ಲಿಸಬೇಕು. ಕಣ್ಣು ಒಣಗುವ ತೊಂದರೆ ಇದ್ದರೆ ಮೊದಲು ಅದಕ್ಕೆ ಔಷಧಿ ಹಾಕಿ ಆಮೇಲೆ ಅಳೆಯಬೇಕು. ಹಿಂದೆ ಯಾವಾಗಲಾದರೂ ಕನ್ನಡಕ ತೆಗೆಸಲು ಲೇಸರ್ ಮಾಡಿಸಿಕೊಂಡಿದ್ದರೆ ಹೇಳಲೇಬೇಕು, ಮಾಮೂಲಿ ಲೆಕ್ಕ ಆ ಕಣ್ಣಿಗೆ ಸರಿಹೋಗುವುದಿಲ್ಲ. ಗಂಡಸರು ಇನ್ನೊಂದನ್ನು ಮರೆಯಬಾರದು. ಮೂತ್ರದ ತೊಂದರೆಗೆ, ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅಥವಾ ಮುಂಚೆ ತಗೊಂಡಿದ್ದರೆ ಕಣ್ಣಿನ ಡಾಕ್ಟರಿಗೆ ತಿಳಿಸಬೇಕು. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ಆಪರೇಷನ್ ನಡುವೆ ತೊಂದರೆ ಕೊಡುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ಸಿದ್ಧವಾಗಿರುತ್ತಾರೆ. ಚಿಕ್ಕಪ್ಪ ಆ ಮಾತ್ರೆ ವರ್ಷಗಳಿಂದ ನುಂಗುತ್ತಿದ್ದರು. ಕಣ್ಣಿಗೂ ಅದಕ್ಕೂ ಏನು ಸಂಬಂಧ ಅಂತ ಹೇಳದೇ ಬಿಟ್ಟಿದ್ದರು. ಚಿಕ್ಕಮ್ಮ ಮಾತ್ರೆ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಇಟ್ಟದ್ದರಿಂದ ಗೊತ್ತಾಯಿತು.

ಲೇಸರ್ ಅನ್ನುವ ಪದದ ಬಗ್ಗೆಯೂ ಗೊಂದಲ ಇದೆ. ನಮ್ಮ ಕಡೆ ಹೊಲಿಗೆ ಇಲ್ಲದ ಎಲ್ಲ ಪೊರೆ ಆಪರೇಷನ್ನಿಗೂ ಲೇಸರ್ ಅನ್ನುತ್ತಾರೆ. ಫೇಕೋ ಅನ್ನುವ ಮಾಮೂಲಿ ಪೊರೆ ಆಪರೇಷನ್ನಿನಲ್ಲಿ ಇರುವುದು ಲೇಸರ್ ಅಲ್ಲ, ಅಲ್ಟ್ರಾಸೌಂಡ್. ಎರಡೂವರೆ ಮಿಲಿಮೀಟರಿನಷ್ಟು ಕಿಂಡಿಯಿಂದ ಪೊರೆಯನ್ನು ಪುಡಿ ಮಾಡಿ ಎಳೆದುಕೊಳ್ಳುತ್ತಾರೆ. ನಿಜವಾದ ಲೇಸರ್ ಯಂತ್ರ ಬೇರೆ ಇದೆ, ಅದಕ್ಕೆ ಜಾಸ್ತಿ ದುಡ್ಡು. ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ ದೊಡ್ಡದಾಗಿ ಹೋಲಿಸಿ ನೋಡಿದಾಗ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಹಳದಿ ಛಾಯೆಯ ಲೆನ್ಸ್ ರೆಟಿನಾವನ್ನು ಕಾಪಾಡುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಹಾಕಿದರೆ ಕೆಟ್ಟದ್ದೇನೂ ಇಲ್ಲ, ಅದಕ್ಕಾಗಿಯೇ ಜಾಸ್ತಿ ದುಡ್ಡು ಕೊಡಬೇಡಿ.

ಯಾವ ವಸ್ತುವಿನಿಂದ ಮಾಡಿದ ಲೆನ್ಸ್ ಅನ್ನುವುದನ್ನು ಮಾತ್ರ ಕೇಳುವುದು ಒಳ್ಳೆಯದು. ಹೈಡ್ರೋಫೋಬಿಕ್ ಅಕ್ರಿಲಿಕ್, ಅಂಚು ಚೌಕವಾಗಿರುವಂಥದ್ದು ಆದರೆ ಉಳಿಸಿದ ಸಿಪ್ಪೆ ಮುಂದೆ ಮಬ್ಬಾಗುವುದು ಕಮ್ಮಿ. ಪೊರೆ ಮತ್ತೆ ಬಂತು ಅಂತ ಜನ ಹೇಳುವುದು ಈ ಸಿಪ್ಪೆ ಮಬ್ಬಾದಾಗಲೇ. ಹಾಗಾದರೂ ಹೆದರಬೇಕಿಲ್ಲ. ಯಾಗ್ ಲೇಸರಿನಿಂದ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ, ಲೆನ್ಸ್ ಬದಲಾಯಿಸಬೇಕಾಗಿಲ್ಲ.

ಬೆಲೆಯ ವಿಷಯದಲ್ಲಿ ಸರ್ಕಾರ ಮಾಡಬೇಕಾದ ಕೆಲಸ ಬಾಕಿ ಇದೆ. ಹೃದಯಕ್ಕೆ ಹಾಕುವ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಗರಿಷ್ಠ ಬೆಲೆ ನಿಗದಿಯಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಮೊಣಕಾಲಿನ ಇಂಪ್ಲಾಂಟಿಗೂ ಆಯಿತು. ಕಣ್ಣಿನ ಲೆನ್ಸಿಗೆ ಅಂಥ ಮಿತಿ ಇಲ್ಲ. ವರ್ಷಕ್ಕೆ ನೂರಕ್ಕೆ 10ಕ್ಕಿಂತ ಜಾಸ್ತಿ ಎಂಆರ್‌ಪಿ ಏರಿಸಬಾರದು ಅನ್ನುವುದು ಬಿಟ್ಟರೆ ಮೊದಲ ಬೆಲೆ ಎಷ್ಟು ಅನ್ನುವುದು ಕಂಪನಿಯ ಇಷ್ಟ. ಆಸ್ಪತ್ರೆಯಲ್ಲಿ ಪ್ಯಾಕೇಜ್ ಅಂತ ಒಂದೇ ಮೊತ್ತ ಹೇಳುತ್ತಾರೆ. ಅದರಲ್ಲಿ ಲೆನ್ಸಿಗೆಷ್ಟು, ಕೈಕೆಲಸಕ್ಕೆಷ್ಟು ಅಂತ ಕೇಳದೆ ಯಾರೂ ಹೇಳುವುದಿಲ್ಲ. ಕೇಳಿ. ಲೆನ್ಸಿನ ಹೆಸರು, ಮಾಡೆಲ್, ಎಂಆರ್‌ಪಿ ಬರೆಸಿಕೊಳ್ಳಿ. ಪ್ರತಿ ಲೆನ್ಸಿನ ಡಬ್ಬಿಯಲ್ಲೂ ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರುಗಳಿರುತ್ತವೆ. ಅದರಲ್ಲಿ ಒಂದನ್ನು ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿಕೊಡಿ ಅಂತ ಹೇಳಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಅದು ಬೇಕು. ವಿಮೆ ಇರುವವರು ಪಾಲಿಸಿಯನ್ನು ಮೊದಲೇ ಓದಿ. ಪೊರೆಗೆ ಸಾಮಾನ್ಯವಾಗಿ 2 ವರ್ಷ ಕಾಯುವ ಅವಧಿ ಇರುತ್ತದೆ, ಒಂದು ಕಣ್ಣಿಗೆ ಇಷ್ಟೇ ಅನ್ನುವ ಮಿತಿಯೂ ಇರುತ್ತದೆ. ಟ್ರೈಫೋಕಲ್‌ನಂಥ ಮಲ್ಟಿಫೋಕಲ್ ಲೆನ್ಸಿನ ಹೆಚ್ಚುವರಿ ದುಡ್ಡು ಬಹಳ ಸಲ ಕೈಯಿಂದಲೇ ಹೋಗುತ್ತದೆ. ಬೇಸಿಕ್, ಪ್ರೀಮಿಯಂ ಅನ್ನುವ ಪದಗಳನ್ನು ಆ ಹಾಳೆಯಿಂದ ತೆಗೆದು, ಯಾವ ಲೆನ್ಸಿನಲ್ಲಿ ಎಷ್ಟು ದೂರ ಕಾಣುತ್ತದೆ, ಯಾವುದಕ್ಕೆ ಕನ್ನಡಕ ಬೇಕು ಅಂತ ಕನ್ನಡದಲ್ಲಿ ಬರೆದಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ. ಅದಕ್ಕೆ ಯಾವ ಕಾನೂನೂ ಬೇಕಾಗಿಲ್ಲ.

ದುಡ್ಡೇ ಇಲ್ಲದವರು ಇದನ್ನೆಲ್ಲ ಓದಿ ಹಿಂಜರಿಯಬೇಡಿ. 1976ರಲ್ಲಿ ಶುರುವಾದ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ನೂ ಲೆನ್ಸೂ ಉಚಿತ. ಹಾಸನದಲ್ಲಿ ಹಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಚಿಕ್ಕಮಗಳೂರಲ್ಲಿ ಜಿಲ್ಲಾಸ್ಪತ್ರೆ ಇದೆ. ಅಲ್ಲಿ ಸಾಮಾನ್ಯವಾಗಿ ಹಾಕುವುದು ಮೊನೊಫೋಕಲ್. ಸರಿಯಾಗಿ ಅಳೆದು ಹಾಕಿದ ಮೊನೊಫೋಕಲ್ ಲೆನ್ಸ್ ಯಾವ ರೀತಿಯಲ್ಲೂ ಎರಡನೇ ದರ್ಜೆಯದಲ್ಲ. ಜಗತ್ತಿನ ತುಂಬಾ ಅತಿ ಹೆಚ್ಚು ಜನರ ಕಣ್ಣಲ್ಲಿರುವುದು ಅದೇ. ಪೊರೆ ಬಲಿಯಲಿ ಅಂತ ಕಾಯುತ್ತಾ ಕೂರುವುದು ಮಾತ್ರ ಬೇಡ. ಅದು ಹಳೆಯ ಕಾಲದ ಮಾತು. ಬಲಿತು ಕಲ್ಲಾದಷ್ಟೂ ತೆಗೆಯುವುದು ಕಷ್ಟ, ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು.

ಅಮ್ಮನ ಚೀಟಿಯನ್ನು ಡಾಕ್ಟರಿಗೆ ಕೊಟ್ಟೆವು. ಅವರು ಕನ್ನಡಕ ಮೇಲೆತ್ತಿ ಎರಡು ಸಲ ಓದಿದರು. "ಮೊರ ಅಂತ ಬರ್ದಿದೀರಲ್ಲ, ಈಗ್ಲೂ ಅಕ್ಕಿ ನೀವೇ ಆರಿಸ್ತೀರಾ ಅಮ್ಮ?" ಅಂತ ಕೇಳಿದರು. ಆಮೇಲೆ ಹತ್ತು ನಿಮಿಷ ಅಮ್ಮನ ಜೊತೆಗೇ ಮಾತಾಡಿದರು, ನನ್ನ ಜೊತೆ ಅಲ್ಲ. 28 ಸಾವಿರದ ಮೊನೊಫೋಕಲ್ಲೇ ಸಾಕು ಅಂದರು. ಬಲಗಣ್ಣು ದೂರಕ್ಕೆ. ಅದು ವಾಸಿಯಾಗಿ ಪವರ್ ನಿಂತ ಮೇಲೆ ಎಡಗಣ್ಣನ್ನು ಮೈನಸ್ ಒಂದೂವರೆಯ ಹತ್ತಿರಕ್ಕೆ ಇಡೋಣ, ಒಂದು ಕಣ್ಣು ದೂರ ನೋಡಿಕೊಳ್ಳುತ್ತದೆ, ಇನ್ನೊಂದು ಮನೆ ನೋಡಿಕೊಳ್ಳುತ್ತದೆ ಅಂದರು. ಎಲ್ಲರಿಗೂ ಇದು ಒಗ್ಗುವುದಿಲ್ಲ. ಎರಡು ಕಣ್ಣಿನ ವ್ಯತ್ಯಾಸ ಕೆಲವರಿಗೆ ತಲೆ ಸುತ್ತು ತರುತ್ತದೆ. ಅದಕ್ಕೇ ಮೊದಲ ಕಣ್ಣು ಆದ ಮೇಲೆ ಟ್ರಯಲ್ ಫ್ರೇಮ್ (ಗಾಜು ಬದಲಾಯಿಸಿ ನೋಡುವ ಪರೀಕ್ಷೆಯ ಕನ್ನಡಕ) ಹಾಕಿ ಅಂದಾಜು ತೋರಿಸಿದರು. ಅಮ್ಮ ಅದನ್ನು ಹಾಕಿಕೊಂಡೇ ಕಾರಿಡಾರಿನಲ್ಲಿ ಆ ತುದಿಯವರೆಗೆ ನಡೆದು ವಾಪಸ್ ಬಂದಳು. "ಆಗುತ್ತೆ" ಅಂದಳು.

ಬಲಗಣ್ಣಿಗೆ ಆಗಿ ಐದು ವಾರ ಆಯಿತು. ಮುಂದಿನ ಗುರುವಾರ ಎಡಗಣ್ಣು. ಅಳತೆಯ ಚೀಟಿ ಫೈಲಿನಲ್ಲೇ ಇದೆ. ಅದರ ಕೆಳಗೆ ಅಮ್ಮ ತಾನೇ ಇನ್ನೊಂದು ಸಾಲು ಸೇರಿಸಿದ್ದಾಳೆ: ಮೊಮ್ಮಗಳ ಜಡೆ ಹೆಣೆಯುವುದು, 45.